ಗಡಿಯಾರದ ಚಕ್ರಕ್ಕೆ ಲೇತ್: ಜಾಬ್ ಹಿಡಿಯುವ ಬಗೆ, ಹಲ್ಲು ಕೊರೆಯುವ ಕ್ರಮ

ತೂಕದಿಂದ ನಡೆಯುವ ಗಡಿಯಾರ ದಿನವೂ ಒಂದೇ ಹೊತ್ತಿಗೆ, ಅಂದರೆ ನಾಲ್ಕು ಹತ್ತು ಎಂದರೆ ನಾಲ್ಕು ಹತ್ತಕ್ಕೇ, ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದದ್ದು ದೊಡ್ಡ ಚಕ್ರವನ್ನು. ಎಂಟು ದಿನಕ್ಕೊಮ್ಮೆ ಕೀಲಿ ಕೊಡುವ ಹಳೆಯ ಇಂಗ್ಲಿಷ್ ಮಾದರಿಯಲ್ಲಿ ಈ ಚಕ್ರಕ್ಕೆ 96 ಹಲ್ಲು, ಅದು ತಿರುಗಿಸುವ ನಡು ಅಚ್ಚಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್‌ಗೆ 8. ನಡು ಅಚ್ಚು ಗಂಟೆಗೆ ಒಂದು ಸುತ್ತು ಬರುತ್ತದೆ. ಹಾಗಾಗಿ ದೊಡ್ಡ ಚಕ್ರಕ್ಕೆ ಒಂದು ಸುತ್ತಿಗೆ ಸರಿಯಾಗಿ 12 ಗಂಟೆ ಬೇಕು. ಅದರಲ್ಲಿ ಒಂದು ಹಲ್ಲು ಕೆಟ್ಟಿರಲಿ, ಇಡೀ ಚಕ್ರವೇ ಸೆಂಟರ್ ಔಟ್ ಆಗಿರಲಿ, ತೊಂದರೆ ಡಯಲಿನ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಗಂಟೆ ಯಾವುದೇ ಇದ್ದು ನಿಮಿಷ ಮಾತ್ರ ಒಂದೇ ಆಗಿದ್ದರೆ ತಪ್ಪು ನಡು ಅಚ್ಚಿನದ್ದು.

ಇಂಥ ಚಕ್ರವನ್ನು ಬಿಚ್ಚಿ ನೋಡಿದರೆ ಹಲ್ಲಿನ ಆಕಾರ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಹಿಡಿತ. ಬಿಲ್ಲೆಯನ್ನು, ಅಂದರೆ ಹಲ್ಲು ಕೊರೆಯಬೇಕಾದ ಹಿತ್ತಾಳೆ ತಟ್ಟೆಯನ್ನು, ಒಂದು ಹಿಡಿತದಲ್ಲಿ ಟರ್ನ್ ಮಾಡಿ (ತಿರುಗಿಸಿ ಟೂಲಿನಿಂದ ಗುಂಡಗೆ ಸವರಿ), ಬಿಚ್ಚಿ, ಇನ್ನೊಂದು ಹಿಡಿತದಲ್ಲಿ ಹಲ್ಲು ಕೊರೆದು, ಮೂರನೆಯದರಲ್ಲಿ ತೂತು ದೊಡ್ಡದು ಮಾಡಿರುತ್ತಾರೆ. ಪ್ರತಿ ಸಲ ಒಂದಿಷ್ಟು ಸೆಂಟರ್ ತಪ್ಪುತ್ತದೆ. ಗಡಿಯಾರದ ಕೆಲಸಕ್ಕೆ ಲೇತಿನ ಮೇಲೆಯೇ ಮಿಲ್ಲಿಂಗ್ (ತಿರುಗುವ ಕಟ್ಟರಿನಿಂದ ಕೊರೆತ) ಮಾಡುವುದು ಮಿಲ್ಲಿಂಗ್ ಮಷಿನ್ ಇಲ್ಲದವರ ಅನಿವಾರ್ಯತೆ ಎಂದುಕೊಳ್ಳಬೇಡಿ. ಬಿಲ್ಲೆ ಟರ್ನ್ ಆದ ಹಿಡಿತದಲ್ಲೇ ಕೂತಿರುತ್ತದೆ, ಕಟ್ಟರೇ ಅದರ ಬಳಿಗೆ ಬರುತ್ತದೆ. ಒಂದಕ್ಕೊಂದು ಸೆಂಟರ್ ಇರಬೇಕಾದ ಮೈಗಳನ್ನೆಲ್ಲ ಒಂದೇ ಹಿಡಿತದಲ್ಲಿ ಮುಗಿಸುವುದು ಇದರಿಂದ ಸಾಧ್ಯ. ಮುಂದಿನ ಎಲ್ಲ ಹೆಜ್ಜೆಗಳೂ ಈ ಒಂದು ನಿಯಮದಿಂದಲೇ ಹೊರಟವು.

ಉದಾಹರಣೆಗೆ ಇಲ್ಲಿ ಇಟ್ಟುಕೊಂಡಿರುವುದು 96 ಹಲ್ಲಿನ, 0.6 ಮಾಡ್ಯೂಲಿನ (ಹಲ್ಲಿನ ಗಾತ್ರದ ಅಳತೆ) ಚಕ್ರ ಮತ್ತು ಅದಕ್ಕೆ ಜೋಡಿಯಾದ 8 ಎಲೆಯ (ಪಿನಿಯನ್ನಿನ ಹಲ್ಲಿಗೆ ಎಲೆ ಎನ್ನುತ್ತಾರೆ) ಪಿನಿಯನ್. ಲೇತ್ ಎಂದರೆ 90 ಮಿ.ಮೀ. ಸೆಂಟರ್ ಎತ್ತರದ, ಎಂಟಿ3 (3 ನಂಬರಿನ ಮೋರ್ಸ್ ಟೇಪರ್, ಒಳಗೆ ಕಿರಿದಾಗುತ್ತಾ ಹೋಗುವ ತೂತು) ಸ್ಪಿಂಡಲ್ ಇರುವ ಮಿನಿ ಲೇತ್. ಮಂಗಳೂರಿನ ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಶಿವಳ್ಳಿಯ ವರ್ಕ್‌ಶಾಪಿನ ದೊಡ್ಡ ಲೇತಿನಲ್ಲೂ ಇದೇ ಕ್ರಮ ನಡೆಯುತ್ತದೆ. ಆದರೆ ಅಲ್ಲಿ ಸ್ಪಿಂಡಲನ್ನು ಎರಡು ದಿನ ಸುತ್ತನ್ನು ಸಮಭಾಗ ಮಾಡುವ ಡಿವೈಡಿಂಗ್‌ಗೆ ಕಟ್ಟಿಹಾಕಲು ಯಾರೂ ಒಪ್ಪುವುದಿಲ್ಲ.

ಯಾವ ಹಿಡಿತ ಯಾವುದಕ್ಕೆ

ಮೂರು ಜಾ ಚಕ್ಕಿಗೆ (ಜಾಬನ್ನು, ಅಂದರೆ ಕೆಲಸದ ತುಂಡನ್ನು, ಮೂರು ದವಡೆಯಿಂದ ಹಿಡಿಯುವ ಸಾಧನ) ಸಾಮಾನ್ಯವಾಗಿ 0.05ರಿಂದ 0.1 ಮಿ.ಮೀ. ಓಲಾಟ, ಅಂದರೆ ರನ್‌ಔಟ್ ಇರುತ್ತದೆ. ಡಯಲ್ ಗೇಜಿನಲ್ಲಿ 0.08 ಕಂಡರೆ ಜಾಬಿನ ಸೆಂಟರ್ 0.04 ಪಕ್ಕಕ್ಕೆ ಸರಿದಿದೆ ಎಂದರ್ಥ. ಅಂಥ ಚಕ್ರದಲ್ಲಿ ಪ್ರತಿ ಸುತ್ತಿಗೂ ಹಲ್ಲುಗಳು ಒಂದು ಕಡೆ 0.04 ಹೆಚ್ಚು ಆಳಕ್ಕೆ, ಎದುರು ಕಡೆ 0.04 ಕಡಿಮೆ ಆಳಕ್ಕೆ ಕೂರುತ್ತವೆ. ದೋಣಿಯ ಶಾಫ್ಟಿಗೆ ಇದು ಲೆಕ್ಕಕ್ಕಿಲ್ಲ, 0.6 ಮಾಡ್ಯೂಲಿಗೆ ಲೆಕ್ಕಕ್ಕಿದೆ. ಆದರೂ ಮೂರು ಜಾ ಚಕ್ಕನ್ನು ಮೂಲೆಗೆ ಎಸೆಯಬೇಕಿಲ್ಲ. ಸರಳನ್ನು ಹಿಡಿದು, ಅದನ್ನು ಟರ್ನ್ ಮಾಡಿ, ಬಿಚ್ಚದೆ ಅದರ ಮೇಲೆಯೇ ಕೆಲಸ ಮುಗಿಸುವುದಾದರೆ ಚಕ್ಕಿನ ರನ್‌ಔಟ್ ಏನೂ ಮಾಡದು. ಒಮ್ಮೆ ಬಿಚ್ಚಿದರೆ ಮುಗಿಯಿತು. ಜಾ ನಂಬರಿಗೆ ಗುರುತು ಹಾಕಿ ಮತ್ತೆ ಹಾಗೆಯೇ ಹಿಡಿದರೂ ಮೊದಲಿನ ಸೆಂಟರ್ ಸಿಗುವ ಭರವಸೆ ಇಲ್ಲ.

ನಾಲ್ಕು ಜಾ ಚಕ್ಕಿನಲ್ಲಿ ಎಷ್ಟು ಬೇಕೋ ಅಷ್ಟು ಸೆಂಟರ್ ಮಾಡಬಹುದು, ಬೇಕಾದದ್ದು ತಾಳ್ಮೆ. ಎದುರುಬದುರಿನ ಎರಡು ಜಾಗಳನ್ನು ಒಂದು ಜೋಡಿ ಎಂದು ಹಿಡಿಯಿರಿ. ಒಂದು ಜಾದ ಎದುರು ಗೇಜ್ 0.20, ಅದರ ಎದುರಿನದಕ್ಕೆ 0.00 ತೋರಿಸಿದರೆ ಜಾಬ್ ಸರಿಯಬೇಕಾದದ್ದು 0.10 ಮಾತ್ರ. ಮೊದಲು ಕಡಿಮೆ ಓದಿದ ಕಡೆಯ ಜಾ ಸಡಿಲಿಸಿ, ನಂತರ ಎದುರಿನದನ್ನು ಬಿಗಿಯಿರಿ. ಈ ಜೋಡಿ ಮುಗಿಯದೆ ಇನ್ನೊಂದು ಜೋಡಿಗೆ ಕೈ ಹಾಕಿದರೆ ಗೇಜಿನ ಹಿಂದೆ ಓಡುತ್ತಲೇ ಇರುತ್ತೀರಿ.

ಗುಂಡು ಸರಳಿಗೂ ತುದಿಯಿಂದ ಕೊರೆಯುವ ಕಟ್ಟರಾದ ಎಂಡ್ ಮಿಲ್ಲಿಗೂ ಇಆರ್ ಕಾಲೆಟ್, ಅಂದರೆ ನಟ್ ಬಿಗಿದಂತೆ ಸುತ್ತಲಿಂದ ಮುಚ್ಚಿ ಹಿಡಿಯುವ ಸೀಳು ಕೊಳವೆ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಕಾಲೆಟನ್ನು ಮೊದಲು ಹೋಲ್ಡರಿಗೆ ಇಳಿಸಿ ಮೇಲೆ ನಟ್ ತಿರುಗಿಸುವುದು. ಕಾಲೆಟ್ ಮೊದಲು ನಟ್ಟಿನೊಳಗೆ ಓರೆಯಾಗಿ ಹೋಗಿ ಟಕ್ ಎಂದು ಕೂರಬೇಕು, ಆಮೇಲೆ ಎರಡೂ ಒಟ್ಟಿಗೆ ಹೋಲ್ಡರಿಗೆ. ಹಾಗೆ ಮಾಡದಿದ್ದರೆ ಕಾಲೆಟ್ ಓರೆಯಾಗಿ ಬಿಗಿಯುತ್ತದೆ, ಸಡಿಲಿಸುವಾಗ ಹೊರಗೂ ಬರುವುದಿಲ್ಲ. ಇನ್ನೊಂದು ವಿಷಯ: ಇಆರ್25 ಕಾಲೆಟ್ 1 ಮಿ.ಮೀ. ವ್ಯಾಪ್ತಿಯಲ್ಲಿ ಮುಚ್ಚುತ್ತದೆ, ಇಆರ್11 ಅರ್ಧ ಮಿ.ಮೀ. ಮಾತ್ರ. ಗಿಡ್ಡ ತುಂಡನ್ನು ಕಾಲೆಟಿನ ಬಾಯಲ್ಲಷ್ಟೇ ಹಿಡಿದರೆ ಹಿಂಭಾಗ ಹೆಚ್ಚು ಮುಚ್ಚಿ ಜಾಬ್ ಉಗುಳಿಬರುತ್ತದೆ. ಅದೇ ವ್ಯಾಸದ ಇನ್ನೊಂದು ತುಂಡನ್ನು ಹಿಂದಿನಿಂದ ತೂರಿಸಿಡಿ. ಎಂಡ್ ಮಿಲ್ಲನ್ನು ಮೂರು ಜಾ ಚಕ್ಕಿನಲ್ಲಿ ಹಿಡಿಯಲೇಬೇಡಿ. ಅದರ ಶ್ಯಾಂಕ್ (ಹಿಡಿಯುವ ಭಾಗ) ಗಟ್ಟಿ, ನುಣುಪು. ಲೋಡ್ ಬಿದ್ದಾಗ ನಿಧಾನವಾಗಿ ಹೊರಗೆ ತೆವಳುತ್ತಾ ಕಟ್ ತನ್ನಿಂದ ತಾನೇ ಆಳವಾಗುತ್ತಾ ಹೋಗುತ್ತದೆ.

ತೆಳು ಬಿಲ್ಲೆ, ಒಂದೂವರೆ ಮಿ.ಮೀ. ದಪ್ಪದ ಉಂಗುರ, ನಡುವೆ ಬೋಲ್ಟ್ ಹಾಕಲು ಜಾಗವಿಲ್ಲದ ಸಣ್ಣ ಚಕ್ರ: ಇವುಗಳಿಗೆಲ್ಲ ಅರಗು. ಮಂಗಳೂರು, ಉಡುಪಿಯ ರಥಬೀದಿಗಳ ಆಸುಪಾಸಿನ ಚಿನ್ನದ ಕೆಲಸದವರು ಒಡವೆ ಹಿಡಿಯಲು ಬಳಸುವುದೂ ಅದನ್ನೇ, ಆದರೆ ಅವರದ್ದರಲ್ಲಿ ಇಟ್ಟಿಗೆ ಪುಡಿಯಂಥ ಬೆರಕೆ ಇರುತ್ತದೆ. ಲೇತಿಗೆ ಬೆರಕೆ ಇಲ್ಲದ ಚಪ್ಪಡಿ ಅರಗು, ಅಂದರೆ ಪಾಲಿಶ್‌ನವರು ಕೊಳ್ಳುವ ಶೆಲ್ಯಾಕ್, ಸಾಕು. ಹಿತ್ತಾಳೆಯ ಸರಳನ್ನು ಚಕ್ಕಿನಲ್ಲಿ ಹಿಡಿದು ಮುಖ ಫೇಸ್ ಮಾಡಿ, ಮುಖದ ಮೇಲೆ 0.3 ಮಿ.ಮೀ. ಆಳದ ಮೂರು ನಾಲ್ಕು ಉಂಗುರ ಗೀರಿ. ಸ್ಪಿರಿಟ್ ದೀಪದಲ್ಲಿ ಬಿಸಿ ಮಾಡಿ ಅರಗು ತಾಗಿಸಿದಾಗ ಅದು ಕರಗಿ ಹರಿಯಬೇಕು, ಹೊಗೆಯಾಡಬಾರದು. ಹೊಗೆ ಬಂದರೆ ಅರಗು ಸುಟ್ಟಿತು, ಹಿಡಿತ ಹೋಯಿತು. ಒರೆಸಿ ಹೊಸದು ಹಾಕಿ. ಬಿಲ್ಲೆಯನ್ನೂ ಬೆಚ್ಚಗೆ ಮಾಡಿ ಒತ್ತಿ, ಅರಗು ಮೆತ್ತಗಿರುವಾಗಲೇ ಲೇತನ್ನು ನಿಧಾನ ತಿರುಗಿಸಿ ಬಿದಿರಿನ ಚೂಪು ಕಡ್ಡಿಯನ್ನು ಟೂಲ್‌ಪೋಸ್ಟಿನ ಆಧಾರದಲ್ಲಿ ನಡುತೂತಿಗೆ ಆನಿಸಿ. ತೂತು ಅಲುಗಾಡದೆ ನಿಂತಿತು ಎಂದರೆ ಬಿಲ್ಲೆ ಸೆಂಟರಿಗೆ ಬಂತು. ಪೂರ್ತಿ ತಣಿಯುವವರೆಗೆ ಟೂಲ್ ತಾಗಿಸಬೇಡಿ. ಕೆಲಸ ಮುಗಿದ ಮೇಲೆ ಬಿಸಿ ಮಾಡಿ ಬಿಡಿಸಿ, ಉಳಿದದ್ದನ್ನು ಸ್ಪಿರಿಟ್ಟಿನಲ್ಲಿ ನೆನೆಸಿದರೆ ಕರಗುತ್ತದೆ. ಮಳೆಗಾಲದಲ್ಲಿ ಅರಗಿನ ಚಪ್ಪಡಿಗಳು ಡಬ್ಬಿಯಲ್ಲೇ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಸ್ವಲ್ಪ ಸ್ವಲ್ಪವೇ ಕೊಳ್ಳಿ.

ಸೂಪರ್ ಗ್ಲೂ ಕೂಡ ಇದೇ ಕೆಲಸ ಮಾಡುತ್ತದೆ, ಬೇಗವೂ ಆಗುತ್ತದೆ. ಆದರೆ ಅಂಟಿದ ಮೇಲೆ ಸೆಂಟರ್ ಸರಿಪಡಿಸಲು ಅದು ಸಮಯ ಕೊಡುವುದಿಲ್ಲ, ಬಿಸಿ ಮಾಡಿದಾಗ ಕಣ್ಣು ಉರಿಸುವ ಹೊಗೆ ಬೇರೆ. ಹೊರವ್ಯಾಸವನ್ನು ಅಂಟಿಸಿದ ಮೇಲೆ ಟರ್ನ್ ಮಾಡುವುದಿದ್ದರೆ ಗ್ಲೂ ಆದೀತು; ತೂತು ಮೊದಲೇ ಇದ್ದರೆ ಅರಗೇ ಮೇಲು.

ಗಡಿಯಾರದ ಪ್ಲೇಟಿನಲ್ಲಿ ಬುಶ್ (ಅಚ್ಚಿನ ತುದಿ ತಿರುಗುವ ಒಳಪದರ) ತೂತು ಬೋರ್ ಮಾಡಲು ಫೇಸ್ ಪ್ಲೇಟ್, ಅಂದರೆ ಸ್ಪಿಂಡಲಿಗೆ ಹಾಕುವ ಚಪ್ಪಟೆ ತಟ್ಟೆ, ಬೇಕು. ಪ್ಲೇಟಿಗೂ ಫೇಸ್ ಪ್ಲೇಟಿಗೂ ನಡುವೆ ಒಂದು ಹಾಳೆ ಬರೆಯುವ ಕಾಗದ ಇಡಿ, ಜಾರುವುದಿಲ್ಲ. ಸೆಂಟರ್ ಹುಡುಕಲು ಎರಡೂ ತುದಿ ಚೂಪಾದ 200 ಮಿ.ಮೀ. ಕಡ್ಡಿಯ ಒಂದು ತುದಿಯನ್ನು ಪಂಚ್ ಗುರುತಿಗೆ, ಇನ್ನೊಂದನ್ನು ಟೇಲ್‌ಸ್ಟಾಕಿನಲ್ಲಿ ಹಿಡಿದ ಸೆಂಟರ್ ಡ್ರಿಲ್ ಗುಳಿಯ ತುಂಡಿಗೆ ಆನಿಸಿ, ಪ್ಲೇಟಿನ ಹತ್ತಿರ ಕಡ್ಡಿಯ ಮೇಲೆ ಡಯಲ್ ಗೇಜ್ ಇಟ್ಟು ಕೈಯಿಂದ ತಿರುಗಿಸಿ. ಪ್ಲೇಟ್ ಒಂದು ಕಡೆಗೆ ಭಾರವಾಗಿರುವುದರಿಂದ ಎದುರು ಕಡೆಗೆ ತೂಕ ಕಟ್ಟದೆ 300 ಆರ್‌ಪಿಎಂ ದಾಟಬೇಡಿ.

ಬಿಲ್ಲೆ ಮತ್ತು ಅದರ ಆರ್ಬರ್

ಹಿತ್ತಾಳೆ ಆರಿಸುವಾಗ ಹೊಳಪು ನೋಡಿ ಮೋಸಹೋಗಬೇಡಿ. ಪಾತ್ರೆಗೆ ಬಳಸುವ ಮೆತ್ತನೆ ತಗಡು ಕಟ್ಟರಿಗೆ ಅಂಟಿಕೊಳ್ಳುತ್ತದೆ, ಹಲ್ಲಿನ ಅಂಚಿನಲ್ಲಿ ಬರ್ (ಒರಟು ಚೂರು) ಎಳೆಯುತ್ತದೆ. ಬೇಕಾದದ್ದು ಎರಡು ಶೇಕಡದಷ್ಟು ಸೀಸ ಬೆರೆತ, ರೋಲ್ ಆಗಿ ಗಟ್ಟಿಯಾದ ಎನ್‌ಗ್ರೇವಿಂಗ್ ಹಿತ್ತಾಳೆ. ತಗಡಾಗಿ ಸಿಗದಿದ್ದರೆ ಐಎಸ್ 319ರ ಫ್ರೀ ಕಟಿಂಗ್ ಸರಳನ್ನೇ 65 ಮಿ.ಮೀ. ವ್ಯಾಸದಲ್ಲಿ ತಂದು ಗರಗಸದಲ್ಲಿ ಬಿಲ್ಲೆ ಕತ್ತರಿಸಬಹುದು. ಕೈ ನೋಯುತ್ತದೆ, ಆದರೆ ಹಲ್ಲು ಚೆನ್ನಾಗಿ ಬರುತ್ತದೆ. ತೂಕದ ಮೇಲೆ ಮಾರುವ ವಸ್ತುವಾದ್ದರಿಂದ ಲೆಕ್ಕ ಗೊತ್ತಿರಲಿ: 65 x 65 x 2.5 ಮಿ.ಮೀ. ತಗಡಿನ ತುಂಡು ಸುಮಾರು 90 ಗ್ರಾಂ ತೂಗುತ್ತದೆ.

ಗಡಿಯಾರದ ಸೈಕ್ಲಾಯ್ಡಲ್ (ಗಡಿಯಾರದ ಹಲ್ಲಿಗೆ ಬಳಸುವ ಬಾಗಿನ ಆಕಾರದ) ಚಕ್ರದ ಹೊರವ್ಯಾಸಕ್ಕೆ ಹಲ್ಲಿನ ಸಂಖ್ಯೆಗೆ 2.76 ಕೂಡಿಸಿ ಮಾಡ್ಯೂಲಿನಿಂದ ಗುಣಿಸಬೇಕು. 96 + 2.76 = 98.76, ಇದಕ್ಕೆ 0.6 ಗುಣಿಸಿದರೆ 59.26 ಮಿ.ಮೀ. ಕಾರು, ಲೇತ್ ಗೇರುಗಳ ಲೆಕ್ಕದಲ್ಲಿ ಕೂಡಿಸುವುದು 2. ಆ ಅಭ್ಯಾಸದಲ್ಲಿ 58.8ಕ್ಕೆ ಟರ್ನ್ ಮಾಡಿದರೆ ಹಲ್ಲಿನ ತುದಿ ಮೊಂಡಾಗಿ ಉಳಿಯುತ್ತದೆ, ಬಿಲ್ಲೆ ವ್ಯರ್ಥ.

ಆರ್ಬರಿಗೆ, ಅಂದರೆ ಸ್ಪಿಂಡಲಿನಲ್ಲಿ ಬಿಲ್ಲೆಯನ್ನು ಹೊರುವ ತುಂಡಿಗೆ, ಎಂಟಿ3 ಸಾಫ್ಟ್ ಆರ್ಬರ್ ಒಂದನ್ನು ಮೀಸಲಿಡುವುದು ಒಳ್ಳೆಯ ಖರ್ಚು. ಹಿಂದಿನಿಂದ ಡ್ರಾಬಾರ್ ಎಳೆದು ಕೂರಿಸಿದರೆ ಬಿಚ್ಚಿ ಮತ್ತೆ ಹಾಕಿದಾಗಲೂ ನೂರರಲ್ಲೊಂದು ಮಿ.ಮೀ. ಆಚೀಚೆಯಲ್ಲಿ ಸೆಂಟರ್ ಸಿಗುತ್ತದೆ. ಹಾಕುವ ಮೊದಲು ಟೇಪರನ್ನೂ ಸ್ಪಿಂಡಲ್ ಒಳಗನ್ನೂ ಒಣಬಟ್ಟೆಯಲ್ಲಿ ಒರೆಸಿ. ಒಂದು ಹಿತ್ತಾಳೆ ಚೂರು ಸಿಕ್ಕಿಕೊಂಡರೂ ಈ ಖರ್ಚೆಲ್ಲ ದಂಡ.

ಆರ್ಬರಿನ ಮುಂಭಾಗವನ್ನು ಸ್ಪಿಂಡಲಿನಲ್ಲೇ ಇಟ್ಟು ಟರ್ನ್ ಮಾಡಿ: ಭುಜ, ಭುಜದ ಮುಂದೆ 7.99 ಮಿ.ಮೀ. ವ್ಯಾಸದ ಮೊಳೆ, ತುದಿಗೆ ಎಂ8 ಥ್ರೆಡ್. ಬಿಲ್ಲೆಯ ನಡುತೂತನ್ನು 7.8ಕ್ಕೆ ಡ್ರಿಲ್ ಮಾಡಿ 8 ಮಿ.ಮೀ. ರೀಮರ್ ಹಾಕಿ. ಅದು ಕೈಯೊತ್ತಿಗೆ ಜಾರಿ ಕೂರಬೇಕು, ಅಲುಗಬಾರದು. ಭುಜ ಮಾತ್ರ ಸಾಲದು. 59 ಮಿ.ಮೀ. ಬಿಲ್ಲೆಗೆ 16 ಮಿ.ಮೀ. ಭುಜದ ಆಧಾರ ಕೊಟ್ಟರೆ ಕಟ್ಟರ್ ತಾಗಿದೊಡನೆ ಅಂಚು ಗಂಟೆಯಂತೆ ಕಿರುಚುತ್ತದೆ, ಹಲ್ಲಿನ ಮೈಯಲ್ಲಿ ಅದುರಿನ ಗೀರು ಬೀಳುತ್ತದೆ. ಹಿಂದೆ 54 ಮಿ.ಮೀ. ವ್ಯಾಸ, 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆ, ಮುಂದೆ 50 ಮಿ.ಮೀ. ವಾಷರ್, ಹಿಂದಿನ ತಟ್ಟೆಗೂ ಬಿಲ್ಲೆಗೂ ನಡುವೆ ಬಲಿ ಕೊಡಲು ಒಂದೂವರೆ ಮಿ.ಮೀ. ದಪ್ಪದ ಹಳೆಯ ತಗಡಿನ ಬಿಲ್ಲೆ. ಕಟ್ಟರ್ ಹೊರಬರುವಾಗಿನ ಬರ್ ಈ ಬಲಿಬಿಲ್ಲೆಯ ಮೇಲೆ ಹೋಗುತ್ತದೆ. ಹಲ್ಲಿನ ಬುಡದ ವ್ಯಾಸ 55.7ರ ಆಸುಪಾಸು ಬರುವುದರಿಂದ 54ರ ತಟ್ಟೆಗೆ ಕಟ್ಟರ್ ತಾಗುವುದಿಲ್ಲ.

ಚೌಕ ತುಂಡನ್ನು ಹಾಗೆಯೇ ಕಟ್ಟಿ ಟರ್ನ್ ಮಾಡಲು ಹೋಗಬೇಡಿ; ಮೂಲೆ ತಾಗಿ ಬಿಲ್ಲೆ ಆರ್ಬರಿನ ಮೇಲೆ ಜಾರುತ್ತದೆ. ಮೊದಲು ಗರಗಸದಲ್ಲಿ ಎಂಟು ಮೂಲೆ ಮಾಡಿಕೊಳ್ಳಿ. ಹಿತ್ತಾಳೆಗೆ ಟೂಲಿನ ಮೇಲ್ಮೈ ಚಪ್ಪಟೆ ಇರಬೇಕು. ಉಕ್ಕಿಗೆ ಕೊಡುವ ಓರೆ ಕೊಟ್ಟರೆ ಟೂಲ್ ಜಾಬಿನೊಳಗೆ ನುಗ್ಗುತ್ತದೆ. ಡ್ರಿಲ್ ಬಿಟ್ಟಿಗೂ ಇದೇ ಮಾತು: ಅದರ ಎರಡು ತುಟಿಗಳ ಅಂಚನ್ನು ಎಣ್ಣೆಕಲ್ಲಿನಲ್ಲಿ ತುಸು ಚಪ್ಪಟೆ ಮಾಡಿಕೊಳ್ಳಿ.

ಸುತ್ತನ್ನು 96 ಭಾಗ ಮಾಡುವುದು

ಈಗ ಸ್ಪಿಂಡಲ್ ಡಿವೈಡಿಂಗ್ ಹೆಡ್ ಆಗುತ್ತದೆ. ಮೊದಲ ಕೆಲಸ ಲೇತಿನ ಪ್ಲಗ್ ಕಿತ್ತಿಡುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಅಭ್ಯಾಸಬಲದಲ್ಲಿ ಕೈ ಹಸಿರು ಬಟನಿಗೇ ಹೋಗುತ್ತದೆ.

ಸ್ಪಿಂಡಲಿನ ಹಿಂತುದಿಗೆ 60:1 ವರ್ಮ್ (ಹಿಡಿಯನ್ನು 60 ಸುತ್ತು ತಿರುಗಿಸಿದರೆ ಸ್ಪಿಂಡಲ್ ಒಂದು ಸುತ್ತು ಬರುವ ತಿರುಪು ಗೇರ್) ಮತ್ತು ತೂತಿನ ಪ್ಲೇಟ್ ಕೂರಿಸಿದ್ದರೆ ಲೆಕ್ಕ ಸುಲಭ. 60/96 ಎಂದರೆ 5/8 ಸುತ್ತು. 16 ತೂತಿನ ವೃತ್ತದಲ್ಲಿ 10 ತೂತು ಮುಂದಕ್ಕೆ. ಪಿನ್ ಈಗ ಇರುವ ತೂತನ್ನು ಸೊನ್ನೆ ಎಂದು ಎಣಿಸಬೇಕು. ಸೆಕ್ಟರ್ ಕೈಗಳ (ಎಣಿಸಿದ ತೂತುಗಳ ಗುರುತಿಗೆ ಇಡುವ ಎರಡು ಕಡ್ಡಿಗಳ) ನಡುವೆ ಹಾಗಾಗಿ 11 ತೂತು ಕಾಣಬೇಕು. ಇರುವ ತೂತನ್ನೂ ಒಂದು ಎಂದು ಎಣಿಸಿ 9 ಸಂದು ಮುಂದೆ ಹೋಗುವುದು ಈ ಕೆಲಸದ ಅತಿ ಸಾಮಾನ್ಯ ತಪ್ಪು. 40:1 ವರ್ಮ್ ಇದ್ದರೆ 5/12 ಸುತ್ತು ಬೇಕು. ಬ್ರೌನ್ ಅಂಡ್ ಶಾರ್ಪ್ ಮಾದರಿಯ ಮೂರು ಪ್ಲೇಟುಗಳಲ್ಲಿ 12ರಿಂದ ಭಾಗವಾಗುವ ವೃತ್ತವೇ ಇಲ್ಲ, 24 ತೂತಿನ ವೃತ್ತವಿರುವ ಬೇರೆ ಪ್ಲೇಟ್ ಹುಡುಕಬೇಕು. ಕೊಳ್ಳುವ ಮೊದಲು ನಿಮ್ಮ ಗಡಿಯಾರದ ಹಲ್ಲುಗಳನ್ನೆಲ್ಲ ಬರೆದುಕೊಂಡು ಪ್ಲೇಟಿಗೆ ಹೊಂದುತ್ತವೆಯೇ ನೋಡಿ.

ವರ್ಮ್ ಇಲ್ಲದಿದ್ದರೆ ಕಾಗದದ ಪಟ್ಟಿ. ಹಳೆಯ ಉಪಾಯ, ಈಗಲೂ ಚೆನ್ನಾಗಿ ನಡೆಯುತ್ತದೆ. ಉದ್ದ ಕಾಗದದ ಮೇಲೆ 8 ಮಿ.ಮೀ.ಗೆ ಒಂದರಂತೆ, ಸೊನ್ನೆಯದೂ ಸೇರಿ 97 ಗೆರೆ ಎಳೆದರೆ 96 ಸಂದು, ಒಟ್ಟು 768 ಮಿ.ಮೀ. ಇದು ಸುತ್ತಿಕೊಳ್ಳುವ ತಟ್ಟೆಯ ವ್ಯಾಸ 244.5 ಮಿ.ಮೀ. 12 ಮಿ.ಮೀ. ಪ್ಲೈವುಡ್ ತಟ್ಟೆಯನ್ನು 246ಕ್ಕೆ ಕತ್ತರಿಸಿ, ಪಟ್ಟಿಯ ಮೊದಲ ಗೆರೆಯೂ ಕೊನೆಯ ಗೆರೆಯೂ ಒಂದರ ಮೇಲೊಂದು ಕೂರುವವರೆಗೆ ಮರಳು ಕಾಗದದಲ್ಲಿ ಸವೆಸಿ. ಗೆರೆಗಳನ್ನು ಸ್ಕೇಲಿನ ಸೊನ್ನೆಯಿಂದ 8, 16, 24 ಎಂದು ಓದಿ ಹಾಕಿ. ಪ್ರತಿ ಸಲ ಹಿಂದಿನ ಗೆರೆಯಿಂದ 8 ಅಳೆದರೆ ತಪ್ಪು ಕೂಡುತ್ತಾ ಹೋಗುತ್ತದೆ. ತಟ್ಟೆಯ ಅಂಚಿನಲ್ಲಿ 0.3 ಮಿ.ಮೀ. ತಪ್ಪಾದರೂ 59 ಮಿ.ಮೀ. ಚಕ್ರದಲ್ಲಿ ಅದು 0.07ಕ್ಕೆ ಇಳಿಯುತ್ತದೆ. ಅಷ್ಟೂ ಬೇಡ ಎಂದರೆ ಈ ತಟ್ಟೆಯಿಂದ ಹಲ್ಲು ಕೊರೆಯದೆ, ಸ್ಪಿಂಡಲಿನಲ್ಲಿ 120 ಮಿ.ಮೀ. ಅಲ್ಯೂಮಿನಿಯಂ ತಟ್ಟೆ ಹಿಡಿದು ಅದಕ್ಕೆ 96 ತೂತು ಡ್ರಿಲ್ ಮಾಡಿ, ಮುಂದೆ ಅದನ್ನೇ ಬಳಸಿ. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ಏಪ್ರಿಲಿನಲ್ಲಿ ಸರಿಯಾಗಿ ಕೂತ ಪಟ್ಟಿ ಜುಲೈಯಲ್ಲಿ ಪ್ಲೈವುಡ್ ಉಬ್ಬಿ ಬಾಯಿಬಿಡುತ್ತದೆ. ಪಟ್ಟಿ ಅಂಟಿಸಿದ ದಿನವೇ ಲೋಹಕ್ಕೆ ಇಳಿಸಿಬಿಡಿ.

ತೂತಿಗೆ ಬೀಳುವ ಡಿಟೆಂಟ್ ಪಿನ್ ಸ್ಥಾನ ತೋರಿಸಲಿಕ್ಕೆ ಮಾತ್ರ. ಕಟ್ಟರಿನ ಒತ್ತಡ ತಡೆಯಲು ಬೇರೆ ಬ್ರೇಕ್ ಬೇಕು. ಚಕ್ಕಿನ ಬೆನ್ನಿಗೋ ಸ್ಪಿಂಡಲಿಗೋ ಬಿಗಿಯುವ, ಚರ್ಮ ಅಂಟಿಸಿದ ಎರಡು ಮರದ ತುಂಡು ಸಾಕು. ಪಿನ್ ಒಂದನ್ನೇ ನಂಬಿ ಉಕ್ಕಿನ ಪಿನಿಯನ್ ಕೊರೆದರೆ ತೂತುಗಳು ಮೊಟ್ಟೆಯಾಕಾರಕ್ಕೆ ಸವೆಯುತ್ತವೆ.

ಕಟ್ಟರ್ ಮತ್ತು ಅದರ ಸ್ಪಿಂಡಲ್

ಜಾಬ್ ಲೇತಿನ ಸ್ಪಿಂಡಲಿನಲ್ಲಿ ಇರುವುದರಿಂದ ಕಟ್ಟರಿಗೆ ಬೇರೆ ಸ್ಪಿಂಡಲ್ ಬೇಕು. ಅದನ್ನು ಕ್ರಾಸ್ ಸ್ಲೈಡಿನ (ಅಡ್ಡಕ್ಕೆ ಸರಿಯುವ ಭಾಗ) ಮೇಲೆ ವರ್ಟಿಕಲ್ ಸ್ಲೈಡಿಗೆ (ಮೇಲೆ ಕೆಳಗೆ ಸರಿಯುವ ಭಾಗ) ಕಟ್ಟಿ, ಅದರ ಅಚ್ಚು ನೆಟ್ಟಗೆ ಮೇಲಕ್ಕೆ ನಿಲ್ಲುವಂತೆ ಇಡಿ. ಆಗ ಕಟ್ಟರ್ ಮಲಗಿ ತಿರುಗುತ್ತಾ ಬಿಲ್ಲೆಯ ಅಂಚನ್ನು ನಮ್ಮ ಕಡೆಯಿಂದ ತಾಗುತ್ತದೆ. ಆಳ ಕ್ರಾಸ್ ಸ್ಲೈಡಿನಿಂದ, ಫೀಡ್ ಬೆಡ್ಡಿನುದ್ದಕ್ಕೆ ಸಾಗುವ ಕ್ಯಾರಿಯೇಜಿನಿಂದ, ಎತ್ತರ ವರ್ಟಿಕಲ್ ಸ್ಲೈಡಿನಿಂದ.

ಕೈಯಲ್ಲಿ ಹಿಡಿಯುವ ರೋಟರಿ ಟೂಲನ್ನು ಕ್ಲ್ಯಾಂಪ್ ಮಾಡಿ ಮುಗಿಸೋಣ ಎನ್ನುವವರಿದ್ದಾರೆ. ಅದರ ವೇಗ ವಿಪರೀತ, ಬೇರಿಂಗಿನಲ್ಲಿ ಪ್ಲೇ, 0.6 ಮಾಡ್ಯೂಲಿಗೆ ಅದು ಬೇಡ. ಎರಡು 6001 ಬೇರಿಂಗನ್ನು 50 ಮಿ.ಮೀ. ಅಂತರದಲ್ಲಿ ಕೂರಿಸಿ, ನಟ್ಟಿನಿಂದ ಪ್ಲೇ ತೆಗೆದು, 12 ಮಿ.ಮೀ. ಅಚ್ಚು ಹಾಕಿದ ಸ್ಪಿಂಡಲನ್ನು ಲೇತಿನಲ್ಲೇ ಮಾಡಿಕೊಳ್ಳಬಹುದು. ಹೊಲಿಗೆ ಯಂತ್ರದ ಮೋಟರ್ ಮತ್ತು ರೌಂಡ್ ಬೆಲ್ಟ್ ಹಿತ್ತಾಳೆಗೆ ಸಾಕಾಗುತ್ತದೆ. ಲೋಡ್ ಬಿದ್ದಾಗ ಅದರ ವೇಗ ಇಳಿಯುತ್ತದೆ ಎನ್ನುವುದು ನೆನಪಿರಲಿ. ಉಕ್ಕಿಗೆ ಇದು ಆಗದು, ಇಂಡಕ್ಷನ್ ಮೋಟರ್ ಬೇಕು.

24 ಮಿ.ಮೀ. ವ್ಯಾಸದ ಎಚ್‌ಎಸ್‌ಎಸ್ ಕಟ್ಟರಿಗೆ ಹಿತ್ತಾಳೆಯಲ್ಲಿ 1200 ಆರ್‌ಪಿಎಂ ಎಂದರೆ ನಿಮಿಷಕ್ಕೆ 90 ಮೀಟರ್ ವೇಗ, ಹಿತವಾಗಿದೆ. ಒಂದೇ ಹಲ್ಲಿನ ಫ್ಲೈ ಕಟ್ಟರಾದರೆ 2000ದವರೆಗೆ ಏರಿಸಿ, ಇಲ್ಲದಿದ್ದರೆ ಫೀಡ್ ಬಹಳ ನಿಧಾನವಾಗಬೇಕಾಗುತ್ತದೆ. ಫ್ಲೈ ಕಟ್ಟರನ್ನು 6 ಮಿ.ಮೀ. ಟೂಲ್ ಬಿಟ್ಟಿನಿಂದ ನೀವೇ ಸಾಣೆ ಹಿಡಿಯಬಹುದು: ಆಕಾರ ಹಲ್ಲುಸಂದಿನದ್ದು, ಹಿಂದೆ 8ರಿಂದ 10 ಡಿಗ್ರಿ ಇಳಿಜಾರು. ಇಳಿಜಾರು ಕಡಿಮೆಯಾದರೆ ಟೂಲಿನ ಹಿಮ್ಮಡಿ ಉಜ್ಜಿ ಹಿತ್ತಾಳೆ ಬಿಸಿಯಾಗುತ್ತದೆ, ಹಲ್ಲಿನ ಮೈ ಮಸುಕಾಗುತ್ತದೆ. ಅದನ್ನು ನೋಡಿದರೆ ಕಟ್ಟರ್ ಮೊಂಡು ಎಂದುಕೊಳ್ಳುವವರೇ ಹೆಚ್ಚು.

ಕಟ್ಟರಿನ ಎತ್ತರ

ಈ ಹೆಜ್ಜೆಯಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ಎಷ್ಟು ಸರಿಯಿದ್ದರೂ ಹಲ್ಲುಗಳು ಒಂದು ಕಡೆಗೆ ವಾಲುತ್ತವೆ. ಕಟ್ಟರಿನ ನಟ್ಟನಡು ಲೇತಿನ ಸೆಂಟರ್ ಎತ್ತರದಲ್ಲೇ ಇರಬೇಕು. ಟೇಲ್‌ಸ್ಟಾಕ್ ಸೆಂಟರಿನ ಮೊನೆಗೆ ಕಣ್ಣಂದಾಜಿನಲ್ಲಿ ಹೊಂದಿಸುವುದು ಶುರುವಿಗೆ ಮಾತ್ರ. ಸರಿಯಾದ ಬಗೆ ಇದು. ಸ್ಪಿಂಡಲಿನಲ್ಲಿ ಒಂದು ತುಂಡನ್ನು 6.00 ಮಿ.ಮೀ.ಗೆ ಟರ್ನ್ ಮಾಡಿ ಹಾಗೆಯೇ ಬಿಡಿ. ನಿಂತ ಕಟ್ಟರನ್ನು ಅದರ ಮೇಲಕ್ಕೆ ತಂದು, ನಡುವೆ ಸಿಗರೇಟ್ ಕಾಗದ ಇಟ್ಟು, ಕಾಗದ ಹಿಡಿದುಕೊಳ್ಳುವವರೆಗೆ ಇಳಿಸಿ. ಕಟ್ಟರಿನ ದಪ್ಪ 2.00 ಆಗಿದ್ದರೆ ಈಗ ಕ್ರಾಸ್ ಸ್ಲೈಡನ್ನು ಹಿಂದಕ್ಕೆ ತೆಗೆದು, ವರ್ಟಿಕಲ್ ಸ್ಲೈಡನ್ನು 3 + 1 = 4.00 ಮಿ.ಮೀ., ಅದರ ಮೇಲೆ ಕಾಗದದ ದಪ್ಪ 0.02 ಸೇರಿಸಿ ಇಳಿಸಿ. ಬ್ಯಾಕ್‌ಲ್ಯಾಷ್ (ಸ್ಕ್ರೂವಿನ ಸಡಿಲು) ಬಾರದಂತೆ ಇಳಿಯುವ ದಿಕ್ಕಿನಲ್ಲೇ ಮುಗಿಸಿ, ಗಿಬ್ (ಸ್ಲೈಡನ್ನು ಬಿಗಿಯುವ ಪಟ್ಟಿ) ಬಿಗಿದು ಮತ್ತೊಮ್ಮೆ ಡಯಲ್ ನೋಡಿ. ಬಿಗಿಯುವಾಗ ಸ್ಲೈಡ್ ಕೂದಲೆಳೆಯಷ್ಟು ಜಾರುವುದುಂಟು. ಈ ಲೆಕ್ಕ ಕಟ್ಟರಿನ ಆಕಾರ ಅದರ ದಪ್ಪದ ನಡುವಿಗೇ ಇದ್ದಾಗ ಮಾತ್ರ ಸರಿ. ಕೈಯಾರೆ ಸಾಣೆ ಹಿಡಿದ ಫ್ಲೈ ಕಟ್ಟರಿನಲ್ಲಿ ಹಾಗಿರುವುದು ಅಪರೂಪ. ಅದಕ್ಕೆ ಒಂದು ಹಾಳು ಬಿಲ್ಲೆಯಲ್ಲಿ ಎರಡು ಸಂದು ಪೂರ್ತಿ ಆಳಕ್ಕೆ ಕೊರೆದು, ನಡುವಿನ ಹಲ್ಲನ್ನು 10 ಪಟ್ಟು ಐ-ಗ್ಲಾಸಿನಲ್ಲಿ ನೋಡಿ, ವಾಲಿದ ದಿಕ್ಕು ತಿಳಿದು ನೂರರಲ್ಲಿ ಐದರಂತೆ ಸರಿಸುವುದೇ ದಾರಿ.

ಹಲ್ಲು ಕೊರೆಯುವುದು

1. ಕಟ್ಟರ್ ಮೇಲಿನಿಂದ ನೋಡಿದರೆ ಎಡಸುತ್ತು ತಿರುಗಲಿ, ಕ್ಯಾರಿಯೇಜ್ ಟೇಲ್‌ಸ್ಟಾಕಿನಿಂದ ಹೆಡ್‌ಸ್ಟಾಕಿನ ಕಡೆಗೆ ಸಾಗಲಿ. ಆಗ ಕಟ್ಟಿನ ಒತ್ತಡ ಬಿಲ್ಲೆಯನ್ನು ಬಲಿಬಿಲ್ಲೆಯ ಮೇಲೆಯೇ ಒತ್ತುತ್ತದೆ. ತಿರುವುಮುರುವಾದರೆ ಕಟ್ಟರ್ ಕ್ಯಾರಿಯೇಜನ್ನು ಎಳೆದುಕೊಂಡು ಹೋಗಿ ಹಲ್ಲು ಹರಿಯುತ್ತದೆ.

2. ಕ್ರಾಸ್ ಸ್ಲೈಡಿನ ಡಯಲ್ ನಿಜವಾದ ಚಲನೆ ತೋರಿಸುತ್ತದೋ ವ್ಯಾಸದ ಲೆಕ್ಕದಲ್ಲಿ ಎರಡು ಪಟ್ಟು ತೋರಿಸುತ್ತದೋ ಡಯಲ್ ಗೇಜ್ ಇಟ್ಟು ಖಚಿತಪಡಿಸಿಕೊಳ್ಳಿ.

3. ಬಿಲ್ಲೆಯ ಅಂಚಿಗೆ ಕಟ್ಟರ್ ತಾಗಿಸಿ 0.05 ಮಿ.ಮೀ. ಮಾತ್ರ ಒಳಗೆ ಕೊಟ್ಟು ಸುತ್ತಲೂ 96 ಗುರುತು ಹಾಕಿ. ಕೊನೆಯ ಗುರುತಿನ ನಂತರದ ಹೆಜ್ಜೆ ಮೊದಲನೆಯದರ ಮೇಲೆಯೇ ಬೀಳಬೇಕು. ಎಣಿಸಿ. ಅರ್ಧ ಗಂಟೆ ಹೋಗುತ್ತದೆ, ಬಿಲ್ಲೆ ಉಳಿಯುತ್ತದೆ.

4. ಅಕ್ಕಪಕ್ಕದ ಎರಡು ಸಂದನ್ನು 1.5 ಮಿ.ಮೀ. ಆಳಕ್ಕೆ ಕೊರೆಯಿರಿ. ನಡುವಿನ ಹಲ್ಲಿನ ತಲೆಯ ಮೇಲೆ ಚಪ್ಪಟೆ ಪಟ್ಟಿಯೊಂದು ಉಳಿದಿರುತ್ತದೆ. ಎರಡೂ ಸಂದನ್ನು 0.05ರಂತೆ ಆಳ ಮಾಡುತ್ತಾ ಹೋಗಿ. ಪಟ್ಟಿ ಕೂದಲಿನಷ್ಟು ತೆಳುವಾಗಿ ಮಾಯವಾಗುವ ಹೊತ್ತಿಗೆ ನಿಲ್ಲಿಸಿ. ಲೆಕ್ಕದ ಆಳ 1.77ರ ಹತ್ತಿರ, ಆದರೆ ಲೆಕ್ಕಕ್ಕಿಂತ ಈ ಪಟ್ಟಿಯನ್ನೇ ನಂಬಿ. ಪಟ್ಟಿ ಹೋದ ಮೇಲೂ ಮುಂದುವರಿದರೆ ಹಲ್ಲು ಗಿಡ್ಡವಾಗುತ್ತದೆ, ವ್ಯಾಸ ಕುಗ್ಗುತ್ತದೆ.

5. ಆ ಆಳಕ್ಕೆ ಕ್ರಾಸ್ ಸ್ಲೈಡ್ ಲಾಕ್ ಮಾಡಿ. ಇನ್ನು ಕೈ ಹಾಕಬೇಕಾದದ್ದು ಕ್ಯಾರಿಯೇಜಿಗೂ ಡಿವೈಡಿಂಗಿಗೂ ಮಾತ್ರ.

6. ಪ್ರತಿ ಹಲ್ಲಿಗೂ ಒಂದೇ ಕ್ರಮ: ಬ್ರೇಕ್ ಸಡಿಲ, ತಿರುಗಿಸು, ಪಿನ್ ಬೀಳಿಸು, ಬ್ರೇಕ್ ಬಿಗಿ, ಕಟ್, ವಾಪಸ್. ವರ್ಮ್ ಹಿಡಿಯನ್ನು ಒಂದೇ ದಿಕ್ಕಿಗೆ ತಿರುಗಿಸಿ. ತೂತು ದಾಟಿಹೋದರೆ ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ. ಒಂದು ತೂತು ಮಾತ್ರ ಹಿಂದೆ ಬಂದರೆ ವರ್ಮಿನ ಪ್ಲೇ ಹಲ್ಲಿಗೆ ಇಳಿಯುತ್ತದೆ.

7. 96 ಆದ ಮೇಲೆ ಮೊದಲ ಸಂದಿನಲ್ಲಿ ಇನ್ನೊಮ್ಮೆ ಕಟ್ಟರ್ ಓಡಿಸಿ. ಚೂರು ಬೀಳಬಾರದು. ಒಂದು ಪಕ್ಕದಲ್ಲಿ ಮಾತ್ರ ಚೂರು ಬಂದರೆ ನಡುವೆ ಎಲ್ಲೋ ಬಿಲ್ಲೆ ಜಾರಿದೆ ಅಥವಾ ಬ್ರೇಕ್ ಬಿಗಿಯಲು ಮರೆತಿದೆ.

ಕೆಲಸವನ್ನು ನಡುವೆ ಊಟಕ್ಕೆ ಬಿಟ್ಟು ಹೋಗುವುದಾದರೆ ಕೊರೆದು ಮುಗಿದ ಹಲ್ಲಿಗೆ ಮಾರ್ಕರ್ ಹಚ್ಚಿ ಹೋಗಿ. ಹಲ್ಲಿನ ಮೇಲೆ ಬೆವರು ಕೈ ಇಡಬೇಡಿ. ಸಮುದ್ರದ ಗಾಳಿಯಲ್ಲಿ ಆ ಬೆರಳಚ್ಚು ಮಾರನೆಯ ದಿನಕ್ಕೆ ಕಂದಾಗಿ ಕೂತಿರುತ್ತದೆ. ಲೇತಿನ ಬೆಡ್ಡಿಗೆ ಜೂನಿನಿಂದ ಸೆಪ್ಟೆಂಬರಿನವರೆಗೆ ದಿನವೂ 68 ನಂಬರಿನ ಸ್ಲೈಡ್‌ವೇ ಎಣ್ಣೆ ಒರೆಸದೆ ಮಲಗಬೇಡಿ.

ಪಿನಿಯನ್

ಪಿನಿಯನ್‌ಗೆ ಸಿಲ್ವರ್ ಸ್ಟೀಲ್. ಹೆಸರಿನಲ್ಲಿ ಮಾತ್ರ ಬೆಳ್ಳಿ, ಇರುವುದು ಒಂದು ಶೇಕಡದ ಆಸುಪಾಸು ಕಾರ್ಬನ್ ಇರುವ ಉಕ್ಕು. 8 ಎಲೆಗೆ ಹೊರವ್ಯಾಸ (8 + 1.71) x 0.6 = 5.83 ಮಿ.ಮೀ. 6 ಮಿ.ಮೀ. ಸರಳನ್ನು ಕಾಲೆಟಿನಲ್ಲಿ ಹಿಡಿದು ಇನ್ನೊಂದು ತುದಿಗೆ ಟೇಲ್‌ಸ್ಟಾಕ್ ಸೆಂಟರಿನ ಆಧಾರ ಕೊಡಲೇಬೇಕು, ಇಲ್ಲದಿದ್ದರೆ ಸರಳು ಕಟ್ಟರಿನಿಂದ ದೂರ ಬಾಗಿ ತುದಿಯ ಕಡೆ ಎಲೆ ದಪ್ಪ, ಚಕ್ಕಿನ ಕಡೆ ತೆಳು ಆಗುತ್ತದೆ. 24 ಮಿ.ಮೀ. ಕಟ್ಟರ್ ಟೇಲ್‌ಸ್ಟಾಕ್ ಬ್ಯಾರೆಲಿಗೆ ಬಡಿಯದಂತೆ ಸರಳನ್ನು 20 ಮಿ.ಮೀ. ಹೆಚ್ಚು ಉದ್ದ ಬಿಡಿ.

60:1ರಲ್ಲಿ 8 ಭಾಗಕ್ಕೆ ಏಳೂವರೆ ಸುತ್ತು, ಅಂದರೆ 7 ಸುತ್ತು ಮತ್ತು 16ರ ವೃತ್ತದಲ್ಲಿ 8 ತೂತು. ಕಟ್ಟರಿನ ವೇಗ 200ರಿಂದ 260 ಆರ್‌ಪಿಎಂ, ಕಟಿಂಗ್ ಎಣ್ಣೆ ಧಾರಾಳ. ಮೊದಲು ಸ್ಲಿಟಿಂಗ್ ಸಾದಿಂದ (ತೆಳು ಗರಗಸದ ಬಿಲ್ಲೆ) ಸಂದು ಬಿಡಿಸಿಕೊಂಡು ಆಮೇಲೆ ಹಲ್ಲುಸಂದಿನ ಆಕಾರದ ಫಾರ್ಮ್ ಕಟ್ಟರ್ ಹಾಕಿದರೆ ದುಬಾರಿ ಕಟ್ಟರ್ ಉಳಿಯುತ್ತದೆ. ಎರಡಕ್ಕೂ ಎತ್ತರ ಬೇರೆ ಬೇರೆಯಾಗಿ ಹೊಂದಿಸಬೇಕು ಎನ್ನುವುದೇ ಇದರ ಕಿರಿಕಿರಿ. ಗಟ್ಟಿ ಮಾಡಲು 770ರಿಂದ 790 ಡಿಗ್ರಿಗೆ ಕಾಯಿಸಿ ನೇರವಾಗಿ, ಓರೆಯಾಗದಂತೆ, ನೀರಿಗೆ ಇಳಿಸಿ. ಓರೆಯಾಗಿ ಹಾಕಿದರೆ ಒಂದು ಮಗ್ಗುಲು ಮೊದಲು ತಣಿದು ಅಚ್ಚು ಬಾಗುತ್ತದೆ. ನಂತರ ಮೈ ಹೊಳಪು ಮಾಡಿ 300 ಡಿಗ್ರಿಯ ಹತ್ತಿರ ನೀಲಿ ಬಣ್ಣ ಬರುವವರೆಗೆ ಟೆಂಪರ್.

ಅಚ್ಚಿಗೆ ಚಕ್ರ ಕೂರಿಸುವುದು

ಇಷ್ಟು ಜೋಪಾನ ಮಾಡಿದ ಸೆಂಟರನ್ನು ಇಲ್ಲಿ ಕಳೆದುಕೊಳ್ಳುವವರು ಬಹಳ. ಚಕ್ರ ಕೂರುವ ಹಿತ್ತಾಳೆ ಕಾಲರನ್ನು ಬೇರೆಯಾಗಿ ಟರ್ನ್ ಮಾಡಿ ಅಚ್ಚಿಗೆ ತೂರಿಸಿದರೆ ಎರಡು ಫಿಟ್ಟಿನ ತಪ್ಪೂ ಕೂಡಿಕೊಳ್ಳುತ್ತದೆ. ಕಾಲರನ್ನು ಸುಮಾರು ಅಳತೆಗೆ ಮಾಡಿ, ಅಚ್ಚಿಗೆ ಲಾಕ್‌ಟೈಟ್ ಜಾತಿಯ ರಿಟೇನಿಂಗ್ ಅಂಟಿನಿಂದಲೋ ಬೆಸುಗೆಯಿಂದಲೋ ಕೂರಿಸಿ, ಒಂದು ದಿನ ಬಿಟ್ಟು, ಅಚ್ಚನ್ನು ಎರಡು ಸೆಂಟರುಗಳ ನಡುವೆ ಡಾಗ್ (ಅಚ್ಚನ್ನು ತಿರುಗಿಸುವ ಹಿಡಿ) ಹಾಕಿ ಹಿಡಿದು ಪಿವಟ್ (ಅಚ್ಚಿನ ತೆಳು ತುದಿ) ಮತ್ತು ಕಾಲರಿನ ಕೂರುವ ಮೈ ಎರಡನ್ನೂ ಒಟ್ಟಿಗೆ ಟರ್ನ್ ಮಾಡಿ. ಕಾಲರಿನ ಅಂತಿಮ ಅಳತೆ ಚಕ್ರದ ತೂತಿನದ್ದು: ಬೆರಳಿನಿಂದ ಒತ್ತಿದರೆ ಕೂರಬೇಕು.

ಉಳಿದ ಮಿಲ್ಲಿಂಗ್

ಚಕ್ರದ ಕಡ್ಡಿಗಳನ್ನು ಬಿಡಿಸುವುದಕ್ಕೆ ಲೇತ್ ಬೇಡ. ಚಿನ್ನದ ಕೆಲಸದವರ ಬಿಲ್ಲುಗರಗಸ ಮತ್ತು ಫೈಲು ಬೇಗ. ಕ್ಲಿಕ್ (ಕೀಲಿ ಹಿಂದೆ ತಿರುಗದಂತೆ ತಡೆಯುವ ಕೊಕ್ಕೆ), ಪ್ಯಾಲೆಟ್ ಕೈ (ಲೋಲಕದ ತಾಳಕ್ಕೆ ಚಕ್ರವನ್ನು ತಡೆದು ಬಿಡುವ ಭಾಗ), ಪ್ಲೇಟಿನ ಉದ್ದತೂತು ಇವಕ್ಕೆ ಜಾಬನ್ನು ವರ್ಟಿಕಲ್ ಸ್ಲೈಡಿಗೆ ಕಟ್ಟಿ ಎಂಡ್ ಮಿಲ್ಲನ್ನು ಲೇತಿನ ಸ್ಪಿಂಡಲಿನ ಕಾಲೆಟಿನಲ್ಲಿ ಹಿಡಿಯಬೇಕು. 3 ಮಿ.ಮೀ. ಎಂಡ್ ಮಿಲ್, 2500 ಆರ್‌ಪಿಎಂ, ಒಂದು ಪಾಸಿಗೆ ಹಿತ್ತಾಳೆಯಲ್ಲಿ 1 ಮಿ.ಮೀ.ಗಿಂತ ಹೆಚ್ಚು ಬೇಡ. ಬಳಸದ ಸ್ಲೈಡುಗಳನ್ನೆಲ್ಲ ಲಾಕ್ ಮಾಡಿ, ಜಾಬನ್ನು ಕಟ್ಟರಿನ ಹಲ್ಲಿಗೆ ಎದುರಾಗಿ ಮಾತ್ರ ಫೀಡ್ ಮಾಡಿ. ಮಿನಿ ಲೇತಿನ ಸ್ಕ್ರೂಗಳಲ್ಲಿ 0.1, 0.2 ಮಿ.ಮೀ. ಪ್ಲೇ ಮಾಮೂಲು, ಕಟ್ಟರ್ ಎಳೆಯುವ ದಿಕ್ಕಿಗೆ ಫೀಡ್ ಮಾಡಿದರೆ ಅಷ್ಟೂ ಪ್ಲೇ ಒಮ್ಮೆಲೇ ನುಂಗಿ ಎಂಡ್ ಮಿಲ್ ಮುರಿಯುತ್ತದೆ.

ಪ್ಲೇಟ್ ಡ್ರಿಲ್ ಮಾಡುವ ಮೊದಲು

ಲೆಕ್ಕದ ಪ್ರಕಾರ ಎರಡು ಅಚ್ಚುಗಳ ಅಂತರ 0.6 x (96 + 8) / 2 = 31.20 ಮಿ.ಮೀ. ಪ್ಲೇಟಿನಲ್ಲಿ ಇದನ್ನೇ ಗುರುತು ಹಾಕಿ ತೂತು ಮಾಡಬೇಡಿ. ಚಕ್ರ, ಪಿನಿಯನ್ ಎರಡನ್ನೂ ಡೆಪ್ತಿಂಗ್ ಟೂಲಿನಲ್ಲಿ (ಎರಡು ಅಚ್ಚಿನ ಅಂತರ ಹೆಚ್ಚುಕಡಿಮೆ ಮಾಡಿ ನೋಡುವ ಸಾಧನ) ಕೂರಿಸಿ 31.20ರಿಂದ ಶುರುಮಾಡಿ ಬೆರಳಲ್ಲಿ ತಿರುಗಿಸಿ ನೋಡಿ. ಹಲ್ಲು ಎಲೆಯನ್ನು ತಳ್ಳುವಾಗ ಜಡಕು ಸಿಕ್ಕಿದರೆ, ಅದು ಪಿನಿಯನ್ನಿನ ಪ್ರತಿ ಎಲೆಗೂ ಬರುತ್ತದೋ ಚಕ್ರದ ಸುತ್ತಿಗೊಮ್ಮೆ ಬರುತ್ತದೋ ಗಮನಿಸಿ. ಪ್ರತಿ ಎಲೆಗೂ ಬಂದರೆ ಆಳ ತಪ್ಪಿದೆ, 0.05ರಂತೆ ಹತ್ತಿರ, ದೂರ ಮಾಡಿ ಹಿತವಾದ ಜಾಗ ಹುಡುಕಿ. ಚಕ್ರದ ಸುತ್ತಿಗೊಮ್ಮೆ ಬಂದರೆ ಚಕ್ರವನ್ನು ಮತ್ತೆ ಆರ್ಬರಿಗೆ ಹಾಕಿ ಹಲ್ಲಿನ ತಲೆಗಳ ಮೇಲೆ ಡಯಲ್ ಗೇಜ್ ಓಡಿಸಿ. ಅಲ್ಲಿ ಸರಿಯಿದ್ದರೆ ತಪ್ಪು ಕಾಲರಿನದ್ದು. ಹಿತವಾಗಿ ತಿರುಗಿದ ಅಂತರ ಸಿಕ್ಕಿದ ಮೇಲೆ ಟೂಲಿನ ಮೊನೆಗಳಿಂದಲೇ ಪ್ಲೇಟಿನ ಮೇಲೆ ಕಂಸ ಗೀರಿ, ಎರಡೂ ಪ್ಲೇಟುಗಳನ್ನು ಒಟ್ಟಿಗೆ ಪಿನ್ ಹೊಡೆದು, ಪಿವಟ್ ತೂತನ್ನು ಬೇಕಾದದ್ದಕ್ಕಿಂತ 0.1 ಕಿರಿದಾಗಿ ಡ್ರಿಲ್ ಮಾಡಿ. ಉಳಿದದ್ದನ್ನು ಬ್ರೋಚಿನಿಂದ (ತೂತು ಹಿಗ್ಗಿಸುವ, ತುದಿಗೆ ಕಿರಿದಾಗುವ ಟೂಲ್) ಒಳಗಿನ ಮಗ್ಗುಲಿನಿಂದ ಬಿಡಿಸಿಕೊಳ್ಳಿ.